ಮೂರು ವಾರದ ಬೇಸಿಗೆ ಶಿಬಿರ: ಮಗಳಿಗೆ ಕಾಗದ ಯಾವಾಗ ಹಾಕಬೇಕು, ಪಾರ್ಸೆಲ್‌ನಲ್ಲಿ ಏನಿಡಬೇಕು?

ಮುಂಗಾರು_ಮೋಡ ಕೇಳಿದ್ದು:

ಮಗಳಿಗೆ ಒಂಬತ್ತು ವರ್ಷ. ಮೊದಲ ಸಲ ಮನೆ ಬಿಟ್ಟು 21 ದಿನದ ವಸತಿ ಶಿಬಿರಕ್ಕೆ ಹೊರಟಿದ್ದಾಳೆ. ಅಲ್ಲಿ ಮಕ್ಕಳ ಕೈಗೆ ಫೋನ್ ಕೊಡುವುದಿಲ್ಲ. ಕಾಗದ ಎಷ್ಟು ಬೇಕಾದರೂ ಬರೆಯಬಹುದು, ಪಾರ್ಸೆಲ್ ಮಾತ್ರ ಒಂದೇ, ತಿನ್ನುವ ಪದಾರ್ಥ ಬೇಡ ಎಂದು ಸೂಚನೆಯಲ್ಲಿ ಬರೆದಿದ್ದಾರೆ. ನಮ್ಮಿಂದ ಅಲ್ಲಿಗೆ ಅಂಚೆ ತಲುಪಲು ಸುಮಾರು ನಾಲ್ಕು ದಿನ ಬೇಕು.

ಮೊದಲ ಕಾಗದ ಯಾವತ್ತು ಹಾಕಿದರೆ ಸರಿ? ವಾರಕ್ಕೆ ಎಷ್ಟು ಸಾಕು? ಬರೆಯಲು ಕೂತರೆ ಏನು ಬರೆದರೂ ಅವಳಿಗೆ ಅಳು ಬರಿಸುವ ಹಾಗೇ ಆಗುತ್ತಿದೆ, ಅದಕ್ಕೇನು ಮಾಡಲಿ? ತಿಂಡಿ ಬಿಟ್ಟರೆ ಪಾರ್ಸೆಲ್‌ನಲ್ಲಿ ಇಡುವಂಥದ್ದು ಏನಿದೆ? ಗೊತ್ತಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಟಪಾಲು_ಚೀಲ:

ಮುಂಗಾರು ಅವರೇ, ಮೊದಲು ದಿನಗಳ ಲೆಕ್ಕ ಹಾಕಿಕೊಳ್ಳಿ. ಕಾಗದ ಹಾಕುವ ದಿನ ಯಾವುದೆಂದು ಯೋಚಿಸಬೇಡಿ, ಅವಳ ಕೈಗೆ ಸೇರುವ ದಿನ ಯಾವುದೆಂದು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಹೋದ ದಿನವನ್ನು ಒಂದನೇ ದಿನ ಎಂದಿಟ್ಟುಕೊಂಡರೆ 2, 5, 8, 11, 14, 17ನೇ ದಿನ ಒಂದೊಂದು ಸಿಕ್ಕರೆ ಚೆನ್ನ. ಅಂಚೆಗೆ ನಾಲ್ಕು ದಿನ ಅಂದಿರಿ. ಹಾಗಾದರೆ ಮೊದಲನೆಯದನ್ನು ಅವಳು ಹೊರಡುವ ಮೂರು ದಿನ ಮುಂಚೆಯೇ ಡಬ್ಬಿಗೆ ಹಾಕಬೇಕು. ಉಳಿದವು 1, 4, 7, 10, 13ನೇ ದಿನ. ನಡುವೆ ಭಾನುವಾರವೋ ರಜೆಯೋ ಬಂದರೆ ಒಂದು ದಿನ ಮುಂಚೆಯೇ ಹಾಕಿ. ಕೊನೆಯ ಮೂರು ನಾಲ್ಕು ದಿನಕ್ಕೆ ಏನೂ ಬೇಡ. ತಡವಾದರೆ ಕಾಗದ ಶಿಬಿರದ ಕಚೇರಿಯಲ್ಲೇ ಉಳಿಯುತ್ತದೆ, ಮಗು ಮನೆಗೆ ಬಂದಿರುತ್ತದೆ.

ಅವಳಿನ್ನೂ ಮನೆಯಲ್ಲಿರುವಾಗಲೇ ಅವಳಿಗೆ ಕಾಗದ ಬರೆಯುವುದು ವಿಚಿತ್ರ ಅನ್ನಿಸಬಹುದು, ಆದರೆ ಬಹಳ ಮುಖ್ಯವಾದ ಕಾಗದ ಅದೇ. ಮೊದಲ ಎರಡು ಮೂರು ದಿನ ಮಗುವಿಗೆ ಜಾಗ ಹೊಸದು, ಹಾಸಿಗೆ ಹೊಸದು, ಪಕ್ಕದವರ ಹೆಸರೂ ಗೊತ್ತಿರುವುದಿಲ್ಲ. ಆಗ ಹೆಸರು ಕೂಗಿ ಟಪಾಲು ಹಂಚುವಾಗ ತನ್ನ ಹೆಸರು ಬರಬೇಕು. ಅಂಚೆ ನಂಬಲಾಗದಿದ್ದರೆ ಬಿಡಲು ಹೋದ ದಿನ ಎರಡು ಮೂರು ಲಕೋಟೆಗಳನ್ನು ಕಚೇರಿಯಲ್ಲೇ ಕೊಟ್ಟು ಬನ್ನಿ. ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ‘2ನೇ ದಿನ’, ‘4ನೇ ದಿನ’ ಎಂದು ಗುರುತು ಹಾಕಿರಿ. ಅನೇಕ ಶಿಬಿರಗಳಲ್ಲಿ ಇದಕ್ಕೆ ಒಪ್ಪುತ್ತಾರೆ, ಮೊದಲೇ ಕೇಳಿಕೊಳ್ಳಿ. ಅವಳ ಚೀಲದಲ್ಲಿ ಬಚ್ಚಿಡುವುದು ಬೇಡ. ಮೊದಲ ರಾತ್ರಿಯೇ ಎಲ್ಲ ಒಡೆದು ಓದಿಬಿಡುತ್ತಾಳೆ.

ಮೊದಲ ವಾರ ದಿನಕ್ಕೊಂದರಂತೆ ಬರೆದು ಆಮೇಲೆ ನಿಲ್ಲಿಸುವುದು ಸಾಮಾನ್ಯ ತಪ್ಪು. ಮಗು ಅಭ್ಯಾಸ ಮಾಡಿಕೊಂಡಿರುತ್ತದೆ, ನಿಂತ ದಿನದಿಂದ ಮನೆಯಲ್ಲಿ ಏನೋ ಆಗಿದೆ ಎಂದು ಅಂದುಕೊಳ್ಳುತ್ತದೆ. ಕಡೆತನಕ ನಡೆಸಿಕೊಂಡು ಹೋಗಬಲ್ಲಷ್ಟೇ ಶುರುಮಾಡಿ.

ಪ್ರತಿ ಕಾಗದಕ್ಕೂ ತಾರೀಖು ಮತ್ತು ಸಂಖ್ಯೆ ಹಾಕಿ. ಅಂಚೆಯಲ್ಲಿ ಮೂರನೆಯದು ಎರಡನೆಯದಕ್ಕಿಂತ ಮುಂಚೆ ತಲುಪುವುದುಂಟು. ಸಂಖ್ಯೆ ಇಲ್ಲದಿದ್ದರೆ ‘ನಿನ್ನೆ ಹೇಳಿದೆನಲ್ಲ’ ಎಂಬುದು ಮಗುವಿಗೆ ಅರ್ಥವೇ ಆಗುವುದಿಲ್ಲ.

ವಿಳಾಸ: ಮಗುವಿನ ಪೂರ್ತಿ ಹೆಸರು, ಶಿಬಿರದ ದಾಖಲೆಯಲ್ಲಿ ಇರುವ ಹಾಗೆಯೇ. ಮನೆಯಲ್ಲಿ ಕರೆಯುವ ಹೆಸರು ಒಳಗೆ ಇರಲಿ, ಲಕೋಟೆಯ ಮೇಲೆ ಬೇಡ. ಎರಡನೇ ಸಾಲಿನಲ್ಲಿ ತಂಡ ಅಥವಾ ಕೊಠಡಿಯ ಹೆಸರು, ಬಳಿಕ ಶಿಬಿರದ ಹೆಸರು, ಅಂಚೆ ವಿಳಾಸ. ಒಂದೇ ಹೆಸರಿನ ಇಬ್ಬರು ಮಕ್ಕಳಿದ್ದಾಗ ಆ ಎರಡನೇ ಸಾಲೇ ಕಾಪಾಡುವುದು. ಕಳಿಸುವವರ ವಿಳಾಸ ಹಿಂಬದಿಯಲ್ಲಿ. ಶಿಬಿರದವರು ಕೊಟ್ಟಿರುವುದು ಪೋಸ್ಟ್ ಬಾಕ್ಸ್ ಸಂಖ್ಯೆ ಆಗಿದ್ದರೆ ಕೊರಿಯರ್‌ನವರು ಅಲ್ಲಿಗೆ ಕೊಡುವುದಿಲ್ಲ. ಪಾರ್ಸೆಲ್‌ಗೆ ಬೇರೆ ವಿಳಾಸ ಇದೆಯೇ ಎಂದು ಕೇಳಿ ಬರೆದುಕೊಳ್ಳಿ.

ಕಪ್ಪುಹಲಗೆ:

ಒಳಗೆ ಏನು ಬರೆಯುವುದು ಎಂಬುದಕ್ಕೆ ಬರುತ್ತೇನೆ, ಏಕೆಂದರೆ ಕಷ್ಟದ್ದು ಅದೇ.

ಒಂಬತ್ತರ ಮಗುವಿಗೆ ಅರ್ಧ ಪುಟ ಸಾಕು. ಅಕ್ಷರ ಬಿಡಿಬಿಡಿಯಾಗಿ, ದುಂಡಗೆ ಇರಲಿ. ದೊಡ್ಡವರ ಕೂಡುಬರಹ ಓದಲಾಗದೆ ತಂಡದ ಅಕ್ಕನ ಹತ್ತಿರ ಓದಿಸಿಕೊಳ್ಳಬೇಕಾದರೆ ಕಾಗದದ ಗುಟ್ಟು ಹೋಯಿತು.

‘ನೀನಿಲ್ಲದೆ ಮನೆ ಬಿಕೋ ಅನ್ನುತ್ತಿದೆ’, ‘ಊಟವೇ ಸೇರುತ್ತಿಲ್ಲ’ ಇಂಥವನ್ನು ಬರೆಯಬಾರದು. ಇದು ಪ್ರೀತಿಯ ಮಾತೇ, ಸುಳ್ಳೇನಲ್ಲ. ಆದರೆ ಓದಿದ ಮಗುವಿಗೆ ಅಮ್ಮನನ್ನು ಸಮಾಧಾನ ಮಾಡುವ ಕೆಲಸ ತನ್ನದು ಅನ್ನಿಸುತ್ತದೆ, ಅದೂ ದೂರದಿಂದ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ: ಅವಳಿಲ್ಲದಾಗ ನಡೆದ ಹಬ್ಬ, ಪ್ರವಾಸ, ಹೊಸ ಸೈಕಲ್ ಇವುಗಳ ವರ್ಣನೆ. ಅದನ್ನು ಓದಿದರೆ ತಾನು ಏನೋ ಕಳೆದುಕೊಂಡೆ ಎಂಬ ಕೊರಗು. ಬೇಕಾದದ್ದು ನಡುವಿನದು, ಮನೆ ಎಂದಿನಂತೆ ಇದೆ ಎಂಬ ಸಣ್ಣ ಸುದ್ದಿ. ಮಾದರಿಗೆ:

“ಪುಟ್ಟಿ, ನಿನ್ನ ಕುಂಡದ ಗಿಡದಲ್ಲಿ ಇನ್ನೊಂದು ಎಲೆ ಬಿಟ್ಟಿದೆ. ದಿನಾ ಬೆಳಿಗ್ಗೆ ಅಪ್ಪ ನೀರು ಹಾಕ್ತಾರೆ. ಬೆಕ್ಕು ಈಗ ನಿನ್ನ ಕುರ್ಚಿ ಮೇಲೇ ಮಲಗುತ್ತೆ, ನೀನು ಬಂದಾಗ ಬಿಟ್ಟುಕೊಡುತ್ತೋ ಇಲ್ವೋ ನೋಡಬೇಕು. ನಿನ್ನ ಮೇಲಿನ ಮಂಚದಲ್ಲಿ ಯಾರು ಮಲಗೋದು? ಹೆಸರು ಬರಿ. ಈಜೋಕೆ ಹೋದಾಗ ನೀರು ತಣ್ಣಗಿತ್ತಾ? ನಿನ್ನ ಬಗ್ಗೆ ನಮಗೆಲ್ಲ ತುಂಬಾ ಹೆಮ್ಮೆ. ಅಮ್ಮ.”

ಇಷ್ಟೇ. ಪ್ರಶ್ನೆಗಳನ್ನು ಗಮನಿಸಿ. ‘ಹೇಗಿದ್ದೀಯಾ?’ ಎಂದರೆ ‘ಚೆನ್ನಾಗಿದ್ದೀನಿ’ ಎಂಬ ಒಂದೇ ಉತ್ತರ ಬರುತ್ತದೆ, ಮನೆ ನೆನಪಾಗುತ್ತಿರುವ ಮಗುವಿಗೆ ಅದು ಗಂಟಲು ಕಟ್ಟಿಸುವ ಪ್ರಶ್ನೆಯೂ ಹೌದು. ಮಂಚದ ಮೇಲಿನ ಹುಡುಗಿಯ ಹೆಸರು ಕೇಳಿದರೆ ಮನಸ್ಸು ಅಲ್ಲಿಗೆ, ಆ ಜಾಗಕ್ಕೆ ಹೋಗುತ್ತದೆ. ಕಾಗದ ಮಾಡಬೇಕಾದ ಕೆಲಸವೇ ಅದು. ಮನೆಯ ಕಡೆ ಎಳೆಯುವುದಲ್ಲ, ಇರುವಲ್ಲಿ ಕಾಲೂರಲು ಆಸರೆ ಕೊಡುವುದು.

ಒಂದು ಮಾತನ್ನು ಕಾಗದದಲ್ಲೂ ಬರೆಯಬೇಡಿ, ಹೊರಡುವ ಮುನ್ನ ಬಾಯಲ್ಲೂ ಆಡಬೇಡಿ: ‘ಇಷ್ಟ ಆಗಲಿಲ್ಲ ಅಂದ್ರೆ ಬಂದು ಕರ್ಕೊಂಡು ಬರ್ತೀನಿ’. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2007ರಲ್ಲಿ ಮಕ್ಕಳ ಈ ಮನೆ ಹಂಬಲದ ಬಗ್ಗೆಯೇ ಒಂದು ವರದಿ ಹೊರತಂದಿತು. ಅದರಲ್ಲೂ ಇಂಥ ಒಪ್ಪಂದ ಬೇಡ ಎಂದೇ ಹೇಳಿದೆ. ಕಾರಣ ಸರಳ. ಈ ಮಾತಿನಲ್ಲಿ ‘ನಿನ್ನಿಂದ ಆಗಲಿಕ್ಕಿಲ್ಲ’ ಎಂಬುದು ಅಡಗಿದೆ. ಜೊತೆಗೆ, ಮಗು ಹೊಂದಿಕೊಳ್ಳುವ ದಾರಿ ಹುಡುಕುವುದರ ಬದಲು ಬಿಡುಗಡೆಯ ದಿನ ಎಣಿಸುತ್ತ ಕೂರುತ್ತದೆ. ಆಮೇಲೆ ನೀವು ಹೋಗಲಿಲ್ಲವೆಂದರೆ ಕೊಟ್ಟ ಮಾತು ತಪ್ಪಿದಂತೆ.

ಸಾಕುಪ್ರಾಣಿಗೆ ಹುಷಾರಿಲ್ಲ, ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ ಇಂಥ ಸುದ್ದಿ ಕಾಗದದಲ್ಲಿ ಬೇಡ. ಓದುವಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಕೇಳಲು ಫೋನೂ ಇಲ್ಲ. ತಿಳಿಸಲೇಬೇಕಾದಷ್ಟು ದೊಡ್ಡದಾಗಿದ್ದರೆ ಶಿಬಿರದ ಮುಖ್ಯಸ್ಥರಿಗೆ ಫೋನ್ ಮಾಡಿ, ಅವರ ಎದುರಿನಲ್ಲಿ ಮಗುವಿನ ಜೊತೆ ಮಾತಾಡಿ.

ಸುತ್ತೋಲೆ:

ಕಪ್ಪುಹಲಗೆ ಅವರ ಮಾತಿಗೆ ಒಂದು ಸಣ್ಣ ತಿದ್ದುಪಡಿ. ‘ನಿನ್ನ ನೆನಪಾಗುತ್ತೆ’ ಎಂಬುದನ್ನು ಪೂರ್ತಿ ನುಂಗಿಬಿಡುವುದೂ ಸರಿಯಲ್ಲ. ಆರು ಕಾಗದದಲ್ಲಿ ಒಮ್ಮೆಯೂ ಆ ಮಾತು ಇಲ್ಲದಿದ್ದರೆ ಮಗು ಅದನ್ನೂ ಗಮನಿಸುತ್ತದೆ. ಒಂದೇ ಸಾಲು ಸಾಕು, ಆದರೆ ಅದನ್ನೇ ಕೊನೆಯ ಸಾಲು ಮಾಡಬೇಡಿ. “ನಿನ್ನ ನೆನಪಾಗುತ್ತೆ, ನೀನು ಅಲ್ಲಿ ಹೊಸದು ಕಲೀತಿದ್ದೀಯ ಅಂತ ಖುಷಿನೂ ಆಗುತ್ತೆ” ಎಂದು ಬರೆದು ಮುಂದಿನ ವಿಷಯಕ್ಕೆ ಹೋಗಿ.

ಇನ್ನು ಪೆನ್ನಿನ ವಿಷಯ. ಬಾಲ್ ಪೆನ್ನಿನಲ್ಲೇ ಬರೆಯಿರಿ. ಅದರ ಇಂಕು ಎಣ್ಣೆಯಂಶದ್ದು, ಲಕೋಟೆ ನೆನೆದರೂ ಹರಡುವುದಿಲ್ಲ. ಮಸಿ ಪೆನ್ನು, ಬಹುಪಾಲು ಜೆಲ್ ಪೆನ್ನು ಒಂದು ಹನಿ ನೀರಿಗೆ ಕಲೆಸಿಹೋಗುತ್ತವೆ. ವಿಳಾಸವೇ ಅಳಿಸಿದರೆ ಕಾಗದ ದಾರಿಯಲ್ಲೇ ಉಳಿಯುತ್ತದೆ. ಉಜ್ಜಿದರೆ ಮಾಯವಾಗುವ ಪೆನ್ನಂತೂ ಬೇಡವೇ ಬೇಡ. ಅದು ಅಳಿಯುವುದು ಉಜ್ಜುವುದರಿಂದಲ್ಲ, ಉಜ್ಜಿದಾಗ ಹುಟ್ಟುವ ಬಿಸಿಯಿಂದ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬಣ್ಣ ಹೋಗುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ, ಬಾಗಿಲು ಮುಚ್ಚಿದ ವಾಹನದೊಳಗೆ ಬಿಸಿಲು ನೇರ ಬೀಳುವ ಜಾಗ ಅಷ್ಟು ಕಾಯಬಲ್ಲದು. ಮಗು ಲಕೋಟೆ ಒಡೆದರೆ ಖಾಲಿ ಹಾಳೆ! ಅಂಥದ್ದು ನಿಮಗೇ ಬಂದರೆ ಎಸೆಯಬೇಡಿ, ಫ್ರೀಜರಿನಲ್ಲಿ ಕೆಲವು ಗಂಟೆ ಇಡಿ. ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗಿನ ಚಳಿಗೆ ಬರಹ ಬಹುಮಟ್ಟಿಗೆ ಮರಳಿ ಕಾಣಿಸಿಕೊಳ್ಳುತ್ತದೆ.

ಮಾಮೂಲಿ ಲಕೋಟೆಯೊಳಗೆ ಪೆನ್ನು, ಬ್ಯಾಡ್ಜು, ನಾಣ್ಯ ಹಾಕಬೇಡಿ. ವಿಂಗಡಿಸುವ ಯಂತ್ರದ ಉರುಳೆಗಳ ನಡುವೆ ಸಿಕ್ಕಿ ಲಕೋಟೆ ಹರಿಯುತ್ತದೆ, ಒಳಗಿನದು ಹೊರಗೆ ಬೀಳುತ್ತದೆ. ಚಪ್ಪಟೆಯಾಗಿರುವ ಸ್ಟಿಕ್ಕರ್, ಫೋಟೋ, ಪದಬಂಧದ ಕತ್ತರಿಸಿದ ಹಾಳೆ, ಧಾರಾವಾಹಿಯಂತೆ ಕಾಗದಕ್ಕೊಂದು ಪುಟದ ಕಥೆ ಇವೆಲ್ಲ ಸಲೀಸಾಗಿ ಹೋಗುತ್ತವೆ. ಮಿನುಗುಪುಡಿ ಉದುರುವ ಗ್ರೀಟಿಂಗ್ ಕಾರ್ಡು ಬೇಡ. ಹತ್ತು ಮಕ್ಕಳು ಮಲಗುವ ಕೊಠಡಿಯ ಹಾಸಿಗೆಯಿಂದ ಅದನ್ನು ತೆಗೆಯುವುದು ಯಾರಿಂದಲೂ ಆಗುವುದಿಲ್ಲ.

ಮುಂಗಾರು_ಮೋಡ:

ಎಲ್ಲರಿಗೂ ಧನ್ಯವಾದ. ದಿನಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಇನ್ನು ಎರಡು ಪ್ರಶ್ನೆ. ಪಾರ್ಸೆಲ್ ಎಷ್ಟು ದೊಡ್ಡದಿದ್ದರೆ ಸರಿ? ‘ನನಗಿಲ್ಲಿ ಇರೋಕಾಗಲ್ಲ, ಬಂದು ಕರ್ಕೊಂಡು ಹೋಗಿ’ ಎಂದು ಅವಳಿಂದ ಕಾಗದ ಬಂದರೆ ಏನು ಮಾಡಬೇಕು?

ರಟ್ಟಿನ_ಡಬ್ಬ:

ಪಾರ್ಸೆಲ್ ನನಗೆ ಬಿಡಿ.

ಗಾತ್ರ: 30×20×10 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಮಕ್ಕಳ ಶೂ ಡಬ್ಬದಷ್ಟು. ಅದಕ್ಕಿಂತ ದೊಡ್ಡದನ್ನು ಇಡಲು ಅವಳಿಗೆ ಅಲ್ಲಿ ಜಾಗ ಇರುವುದಿಲ್ಲ, ವಾಪಸು ತರಲು ಚೀಲದಲ್ಲೂ ಜಾಗ ಇರುವುದಿಲ್ಲ. ಕೊರಿಯರ್‌ನಲ್ಲಿ ಕಳಿಸುವುದಾದರೆ ಇನ್ನೊಂದು ಕಾರಣವಿದೆ. ಹಲವು ಕೊರಿಯರ್‌ಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ತೂಕ ಲೆಕ್ಕ ಹಾಕುತ್ತವೆ. ನಿಜವಾದ ತೂಕ ಮತ್ತು ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಮೇಲೆ ಹೇಳಿದ ಡಬ್ಬಕ್ಕೆ 1.2 ಕಿಲೋ ಆಗುತ್ತದೆ. 40×30×20ರ ಡಬ್ಬವಾದರೆ ಒಳಗೆ ಎರಡೇ ಟೀ ಶರ್ಟ್ ಇದ್ದರೂ 4.8 ಕಿಲೋ.

ಏನಿಡಬೇಕು: ಇಸ್ಪೀಟಿನಂಥ ಕಾರ್ಡ್ ಆಟ ಒಂದು ಕಟ್ಟು (ನಾಲ್ಕು ಜನ ಸೇರಿ ಆಡುವಂಥದ್ದು ಆಗಲಿ, ಒಬ್ಬಳೇ ಆಡುವುದು ಬೇಡ), ಕೈಬಳೆ ಹೆಣೆಯುವ ಬಣ್ಣದ ದಾರದ ಲಡಿಗಳು, ಗೆರೆಯಿಲ್ಲದ ಚಿಕ್ಕ ಪುಸ್ತಕ, ಬಣ್ಣದ ಪೆನ್ಸಿಲ್, ಎರಡು ಜೊತೆ ಹೊಸ ಕಾಲುಚೀಲ. ಕಾಲುಚೀಲ ಕೇಳಿ ನಗಬೇಡಿ. ಎರಡನೇ ವಾರಕ್ಕೆ ಒಣಗಿದ ಕಾಲುಚೀಲ ಸಿಕ್ಕರೆ ಮಕ್ಕಳಿಗೆ ಎಷ್ಟು ಆನಂದ ಅನ್ನುವುದು ಶಿಬಿರ ನಡೆಸಿದವರಿಗೆ ಗೊತ್ತು. ಡಬ್ಬದ ಸಂದಿಗಳನ್ನು ತುಂಬಲೂ ಅವೇ ಆದವು. ಥರ್ಮೊಕೋಲ್ ಚೂರು ಹಾಕಿದರೆ ಕಸ ಹೆಕ್ಕುವವರು ಶಿಬಿರದ ಅಣ್ಣ ಅಕ್ಕಂದಿರು.

ಕೊಠಡಿಯಲ್ಲಿ ಎಷ್ಟು ಮಕ್ಕಳು ಎಂದು ಮೊದಲೇ ಕೇಳಿಕೊಂಡು, ಹಂಚಿಕೊಳ್ಳುವಂಥ ಒಂದು ಸಣ್ಣ ವಸ್ತುವನ್ನು ಅಷ್ಟೇ ಸಂಖ್ಯೆಯಲ್ಲಿ, ಮೇಲೆ ಎರಡು ಹೆಚ್ಚಿಗೆ ಇಡಿ. ಹತ್ತು ಮಕ್ಕಳಿದ್ದು ಎಂಟು ಬಳೆ ಬಂದರೆ ಜಗಳ ಖಂಡಿತ.

ಏನಿಡಬಾರದು: ಒತ್ತಿದರೆ ಚಿಮ್ಮುವ ಸ್ಪ್ರೇ ಡಬ್ಬಿ, ಸುಗಂಧ ದ್ರವ್ಯ, ಉಗುರುಬಣ್ಣ. ಇವೆಲ್ಲ ಬೆಂಕಿ ಹತ್ತುವ ವಸ್ತುಗಳು, ಅಂಚೆಯಲ್ಲಿ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕ್‌ಗೂ ಕಟ್ಟುನಿಟ್ಟಿನ ನಿಯಮಗಳಿವೆ, ಅವೂ ಬೇಡ. ಗುಂಡಿ ಬ್ಯಾಟರಿಯ ಆಟಿಕೆ ಬೇಡ, ಚಿಕ್ಕ ಮಕ್ಕಳು ನುಂಗಿದರೆ ಅನ್ನನಾಳ ಸುಡುವಷ್ಟು ಅಪಾಯ. ಟಾರ್ಚ್ ಕಳಿಸುವುದಾದರೆ ಸೆಲ್ ಹೊರತೆಗೆದು ಅದರ ಎರಡೂ ತುದಿಗೆ ಟೇಪ್ ಅಂಟಿಸಿ, ಇಲ್ಲದಿದ್ದರೆ ದಾರಿಯಲ್ಲಿ ಬಟನ್ ಒತ್ತಿಹೋಗಿ ಹೊತ್ತಿಕೊಂಡೇ ಖಾಲಿಯಾಗುತ್ತದೆ. ಲೋಳೆಯಂಥ ಸ್ಲೈಮ್ ಆಟಿಕೆ ಬಿಸಿಗೆ ಕರಗಿ ಹಾಸಿಗೆಗೆ ಅಂಟುತ್ತದೆ. ಕಳೆದುಹೋದರೆ ಅಳು ಬರುವಂಥ ಯಾವುದೂ ಬೇಡ.

ಕಟ್ಟುವುದು: ಗಟ್ಟಿ ರಟ್ಟಿನ ಡಬ್ಬ, 5 ಸೆಂಟಿಮೀಟರ್ ಅಗಲದ ಪ್ಯಾಕಿಂಗ್ ಟೇಪ್. ನಡುವಿನ ಸೀಳಿಗೂ ಎರಡೂ ಅಂಚಿಗೂ ಸೇರಿ ಮೂರು ಪಟ್ಟಿ, ಮೇಲೆ ಕೆಳಗೆ ಎರಡೂ ಕಡೆ. ಹೊರಗೆ ದಾರ ಬಿಗಿಯಬೇಡಿ, ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಮುಚ್ಚಿದ ಮೇಲೆ ಅಲ್ಲಾಡಿಸಿ ನೋಡಿ, ಗಡಗಡ ಸದ್ದು ಬಂದರೆ ಇನ್ನೂ ತುಂಬಬೇಕು. ವಿಳಾಸದ ಚೀಟಿ ಇನ್ನೊಂದು ಬರೆದು ಒಳಗೂ ಇಡಿ. ಹೊರಗಿನದು ಹರಿದರೆ ಒಡೆದು ನೋಡಿ ತಲುಪಿಸುತ್ತಾರೆ. ಶಿಬಿರ ಬೇರೆ ದೇಶದಲ್ಲಿದ್ದರೆ ಕಸ್ಟಮ್ಸ್ ಚೀಟಿ ತುಂಬಬೇಕು, ಅದರಲ್ಲಿ ‘ಉಡುಗೊರೆ’ ಎಂದಷ್ಟೇ ಬರೆದರೆ ತಡೆದು ನಿಲ್ಲಿಸಬಹುದು. ‘ಮಕ್ಕಳ ಕಾಲುಚೀಲ 2 ಜೊತೆ, ಕಾರ್ಡ್ ಆಟ 1’ ಎಂದು ಬಿಡಿಸಿ ಬರೆಯಿರಿ.

ಒಂದೇ ಪಾರ್ಸೆಲ್ ಆದ್ದರಿಂದ ಅದು ಎರಡನೇ ವಾರದ ನಡುವೆ, 9 ಅಥವಾ 10ನೇ ದಿನ ತಲುಪಲಿ. ಮೊದಲ ವಾರ ಎಲ್ಲವೂ ಹೊಸತು, ಕೊನೆಯ ವಾರ ಮನೆಗೆ ಹೊರಡುವ ಗುಂಗು. ಬೇಸರ ಬರುವುದು ನಡುವೆ.

ಗಂಟೆ_ಹೊಡೆಯುವವರು:

ಶಿಬಿರದ ಕಚೇರಿ ಕಡೆಯಿಂದ ಉತ್ತರ ಕೊಡುತ್ತೇನೆ.

ತಿಂಡಿ ಬೇಡ ಎಂದರೆ ಬೇಡವೇ. ಕಾಲುಚೀಲದೊಳಗೆ ಚಾಕೊಲೇಟ್ ಬಚ್ಚಿಟ್ಟು ಕಳಿಸುವವರಿದ್ದಾರೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಡಬ್ಬ ಬರುವಷ್ಟರಲ್ಲಿ ಕಾಗದ, ಬಟ್ಟೆ ಎಲ್ಲಕ್ಕೂ ಮೆತ್ತಿರುತ್ತದೆ. ಮಲಗುವ ಜಾಗದಲ್ಲಿ ತಿಂಡಿ ಇದ್ದರೆ ಒಂದೇ ರಾತ್ರಿಗೆ ಇರುವೆ, ಹಿಂದೆಯೇ ಇಲಿ. ಅದಕ್ಕಿಂತ ಮುಖ್ಯವಾದದ್ದು ಅಲರ್ಜಿ. ನಿಮ್ಮ ಮಗುವಿಗಲ್ಲ, ಪಕ್ಕದ ಮಂಚದ ಮಗುವಿಗೆ. ಕಡಲೆಬೀಜದ ಅಲರ್ಜಿ ಇರುವ ಕೆಲವು ಮಕ್ಕಳಿಗೆ ಚೂರು ಪಾರು ಒಳಗೆ ಹೋದರೂ ಉಸಿರು ಕಟ್ಟಬಹುದು. ಪಾರ್ಸೆಲ್ಲನ್ನು ಮಗು ನಮ್ಮೆದುರೇ ಬಿಚ್ಚುತ್ತದೆ. ಒಳಗಿನದನ್ನು ನಾವು ತೆಗೆದಿಟ್ಟುಕೊಂಡರೆ ಅವಮಾನ ಆಗುವುದು ಮಗುವಿಗೆ, ಕಳಿಸಿದವರಿಗಲ್ಲ. ಔಷಧಿ, ವಿಟಮಿನ್, ಕೆಮ್ಮಿನ ಗುಳಿಗೆ ಕೂಡ ಪಾರ್ಸೆಲ್‌ನಲ್ಲಿ ಬರಬಾರದು, ಬಿಡಲು ಬಂದ ದಿನ ನರ್ಸ್ ಕೈಗೇ ಕೊಡಿ.

ಇನ್ನು ‘ಬಂದು ಕರ್ಕೊಂಡು ಹೋಗಿ’ ಕಾಗದ. ಬರಬಹುದು, ಬಂದರೆ ಹೆದರಬೇಡಿ. ಮೊದಲು ಬರೆದ ತಾರೀಖು ನೋಡಿ. ನಾಲ್ಕು ದಿನದ ಅಂಚೆ ಅಂದರೆ ನೀವು ಓದುತ್ತಿರುವುದು ನಾಲ್ಕು ದಿನ ಹಿಂದಿನ ದುಃಖ. ಬಹಳಷ್ಟು ಶಿಬಿರಗಳಲ್ಲಿ ಬರೆಯಲು ಕೂರಿಸುವುದು ಮಧ್ಯಾಹ್ನದ ವಿಶ್ರಾಂತಿಯಲ್ಲಿ. ಆಟ ನಿಂತು, ಸುತ್ತಲೂ ನಿಶ್ಶಬ್ದವಾಗಿ, ಮನೆ ನೆನಪು ನುಗ್ಗುವ ಹೊತ್ತು ಅದೇ. ಅರ್ಧ ಗಂಟೆ ಕಳೆದರೆ ಅದೇ ಮಗು ಮೈದಾನದಲ್ಲಿರುತ್ತದೆ.

ಕಾಗದಕ್ಕೆ ಕಾಗದದಲ್ಲಿ ಉತ್ತರ ಬರೆಯುವ ಮುಂಚೆ ಶಿಬಿರಕ್ಕೆ ಫೋನ್ ಮಾಡಿ. ‘ಹೇಗಿದ್ದಾಳೆ?’ ಎಂದು ಕೇಳಿದರೆ ನಾವೂ ‘ಚೆನ್ನಾಗಿದ್ದಾಳೆ’ ಅನ್ನುತ್ತೇವೆ. ಸರಿಯಾಗಿ ಊಟ ಮಾಡುತ್ತಿದ್ದಾಳಾ, ರಾತ್ರಿ ನಿದ್ದೆ ಹೇಗೆ, ಯಾರ ಜೊತೆ ಓಡಾಡುತ್ತಾಳೆ, ಆಟಗಳಲ್ಲಿ ಸೇರುತ್ತಾಳಾ, ಅಳುವುದು ದಿನದಿಂದ ದಿನಕ್ಕೆ ಕಡಿಮೆಯಾಗಿದೆಯಾ ಹೆಚ್ಚಾಗಿದೆಯಾ ಎಂದು ಕೇಳಿ. ಅವಳ ತಂಡದ ಅಕ್ಕನನ್ನು ಕೇಳಿ ತಿಳಿಸಿ ಎಂದು ಒತ್ತಾಯಿಸಿ, ಅದು ನಿಮ್ಮ ಹಕ್ಕು. ಊಟ ಬಿಟ್ಟಿದ್ದರೆ, ನಿದ್ದೆ ಇಲ್ಲದಿದ್ದರೆ, ಹೆಚ್ಚಾಗುತ್ತಲೇ ಇದ್ದರೆ ಮುಖ್ಯಸ್ಥರ ಜೊತೆ ಕೂತು ನಿರ್ಧರಿಸಬೇಕಾದ ವಿಷಯ. ಯಾರಾದರೂ ಹೊಡೆಯುತ್ತಾರೆ, ಮುಟ್ಟುತ್ತಾರೆ, ಕೀಟಲೆ ಮಾಡುತ್ತಾರೆ ಎಂದು ಕಾಗದದಲ್ಲಿ ಬರೆದಿದ್ದರೆ ಮನೆ ಹಂಬಲ ಎಂದು ತಳ್ಳಿಹಾಕುವಂತಿಲ್ಲ, ಆ ಗಳಿಗೆಯೇ ಫೋನ್ ಮಾಡಿ.

ಹಂಬಲವಷ್ಟೇ ಆಗಿದ್ದರೆ ಉತ್ತರದಲ್ಲಿ ಅವಳು ಬರೆದದ್ದನ್ನು ಓದಿದ್ದೀರಿ ಎಂದು ಹೇಳಿ, ಜಾರಿಕೊಳ್ಳಬೇಡಿ. “ಮಂಗಳವಾರ ನಿನಗೆ ತುಂಬಾ ಬೇಜಾರಾಗಿತ್ತು ಅಂತ ಗೊತ್ತಾಯ್ತು. ಮನೆ ನೆನಪಾಗೋದು ಸಹಜ. ಆ ಹೊತ್ತಲ್ಲಿ ತಂಡದ ಅಕ್ಕನ ಹತ್ತಿರ ಹೋಗಿ ಹೇಳು.” ಇಷ್ಟು ಬರೆದು ಮತ್ತೆ ಗಿಡ, ಬೆಕ್ಕಿನ ಸುದ್ದಿಗೆ ಬನ್ನಿ.

ಕಪ್ಪುಹಲಗೆ:

ಅವಳು ಬರೆಯುವ ಕಾಗದಕ್ಕೂ ತಯಾರಿ ಬೇಕು, ಅದನ್ನು ಯಾರೂ ಹೇಳಲಿಲ್ಲ. ಆರು ಲಕೋಟೆಗೆ ವಿಳಾಸ ಬರೆದು, ಸ್ಟ್ಯಾಂಪ್ ಅಂಟಿಸಿಯೇ ಕೊಡಿ. ಶಿಬಿರ ಬೇರೆ ದೇಶದಲ್ಲಿದ್ದರೆ ಆ ದೇಶದ ಸ್ಟ್ಯಾಂಪೇ ಬೇಕು. ಬಿಡಿ ಸ್ಟ್ಯಾಂಪ್ ಕೊಟ್ಟರೆ ತೇವಕ್ಕೆ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಗೋಂದಿನ ಲಕೋಟೆಗಳ ಬಾಯಿಯೂ ತಾವೇ ಮುಚ್ಚಿಕೊಳ್ಳುತ್ತವೆ, ಆದ್ದರಿಂದ ಮಡಿಕೆಯ ಕೆಳಗೆ ಬೆಣ್ಣೆ ಕಾಗದದ ಒಂದು ಪಟ್ಟಿ ಇಡಿ. ಪಟ್ಟಿ ಕಿತ್ತು ಅಂಟಿಸುವ ಬಗೆಯ ಲಕೋಟೆ ಸಿಕ್ಕರೆ ಈ ತಾಪತ್ರಯವೇ ಇಲ್ಲ. ಎಲ್ಲವನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ, ಎರಡು ಬಾಲ್ ಪೆನ್ ಮತ್ತು ಒತ್ತಿ ಬರೆಯಲು ಒಂದು ರಟ್ಟಿನ ಜೊತೆ ಹಾಕಿ. ಮಂಚದ ಮೇಲೆ ಕೂತು ಬರೆಯುವ ಮಗುವಿಗೆ ಆ ರಟ್ಟು ಬೇಕೇ ಬೇಕು.

ಎರಡು ಹಾಳೆಯಲ್ಲಿ ಖಾಲಿ ಜಾಗ ತುಂಬುವ ಕಾಗದ ಮಾಡಿಕೊಡಿ: ‘ಇವತ್ತು ನಾನು ______ ಕಲಿತೆ. ಊಟದಲ್ಲಿ ______ ಇಷ್ಟ ಆಯ್ತು, ______ ಇಷ್ಟ ಆಗಲಿಲ್ಲ. ನನಗೆ ಬೇಕಾಗಿರೋದು ______.’ ಕೆಳಗೆ ಚಿತ್ರ ಬರೆಯಲು ಒಂದು ಚೌಕ. ‘ಇಷ್ಟ ಆಗಲಿಲ್ಲ’ ಎಂಬ ಜಾಗ ತಪ್ಪದೆ ಇರಲಿ, ಒಳ್ಳೆಯದನ್ನು ಮಾತ್ರ ಬರೆಯಬೇಕು ಎಂದು ಮಗು ತಿಳಿಯಬಾರದು. ಉಳಿದ ನಾಲ್ಕು ಖಾಲಿ ಹಾಳೆ.

ಅಜ್ಜ ಅಜ್ಜಿಯೋ ಅತ್ತೆ ಮಾವನೋ ಬರೆಯುತ್ತೇವೆ ಎಂದರೆ ಒಳ್ಳೆಯದೇ, ಆದರೆ ಟಪಾಲು_ಚೀಲ ಅವರ ದಿನಗಳ ಪಟ್ಟಿ ನೋಡಿ ನಡುವಿನ ದಿನ ಕೊಡಿ, ಎಲ್ಲ ಒಂದೇ ದಿನ ಬಂದು ಬೀಳುವುದು ಬೇಡ. ಮೇಲೆ ಹೇಳಿದ ಬಿಕೋ ಅನ್ನುವ ಮಾತುಗಳು ಹೆಚ್ಚು ಬರುವುದು ಅವರ ಕಾಗದದಲ್ಲೇ, ಮೆಲ್ಲಗೆ ಮೊದಲೇ ತಿಳಿಸಿ. ಆರು ಲಕೋಟೆಯಲ್ಲಿ ಒಂದಕ್ಕೆ ಅವರ ವಿಳಾಸ ಬರೆದಿಡಿ.